ಪಾಚಿ ಸಾರು ಕುಡಿದ ಭಾನುವಾರ

ಪಿಲ್ನಾಮ್ ಬೂಸಾನಿನಲ್ಲೇ ಹುಟ್ಟಿ, ಬೂಸಾನಿನಲ್ಲೇ ಬೆಳೆದು, ಅಲ್ಲೇ ಅಜ್ಜಿಯಾದವಳು. ಆದರೂ ಮೀನಿನ ವಡೆ ಕಂಡರೆ ಅವಳಿಗಾಗದು. ಇಡೀ ಊರು ಬಾಯಿ ಚಪ್ಪರಿಸಿಕೊಂಡು ತಿನ್ನುವ ತಿಂಡಿ ಅದು. ಯಾರಾದರೂ ತಟ್ಟೆ ಮುಂದೆ ತಳ್ಳಿದರೆ, "ನನ್ನ ಪಾಲಿಂದು ಎಂಬತ್ತಾರನೇ ಇಸವೀಲೇ ತಿಂದು ಮುಗಿಸಿದೀನಿ, ನೀವು ತಿನ್ನಿ" ಅನ್ನುತ್ತಾಳೆ. ಕೇಳಿದವರು ನಗುತ್ತಾರೆ. ಮಗಳು ಹೇರಾನ್ ಮಾತ್ರ ನಗುವುದಿಲ್ಲ, ಅವಳಿಗೆ ಆ ವರ್ಷದ ಕಥೆ ಗೊತ್ತು.

ಪಿಲ್ನಾಮ್ ಎಂದರೆ 'ಮುಂದಿನದು ಗಂಡೇ' ಎಂದರ್ಥ. ಮೂರನೆಯದೂ ಹೆಣ್ಣಾಯಿತಲ್ಲ ಎಂಬ ಸಿಟ್ಟಿಗೆ ಅಪ್ಪ ಇಟ್ಟ ಹೆಸರು. ಹೆಸರು ಸುಳ್ಳಾಗಲಿಲ್ಲ, ಬೆನ್ನಿಗೇ ಇಬ್ಬರು ಗಂಡುಮಕ್ಕಳಾದರು. ಅವರಿಬ್ಬರೂ ಓದಬೇಕಲ್ಲ! ಆರನೇ ಕ್ಲಾಸು ಮುಗಿಸಿದ ಪಿಲ್ನಾಮಳನ್ನು ರಬ್ಬರ್ ಬೂಟಿನ ಕಾರ್ಖಾನೆಗೆ ಸೇರಿಸಿದರು. ತಮ್ಮಂದಿರು ಓದಿ ನೌಕರಿ ಹಿಡಿದರು. ಇವಳ ಉಗುರಿನ ಸಂದಿಯ ರಬ್ಬರ್ ಅಂಟು ಮದುವೆಯ ದಿನವೂ ಪೂರ್ತಿ ಹೋಗಿರಲಿಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರ್. ಸಮುದ್ರ ಕಾಣುವ ಗುಡ್ಡದ ಮೇಲೆ ಎರಡು ಕೋಣೆಯ ಮನೆ, ರಸ್ತೆಯಿಂದ ನೂರಾ ಹನ್ನೆರಡು ಮೆಟ್ಟಿಲು. ಮನೆಯಲ್ಲಿ ಅತ್ತೆ, ಆಮೇಲೆ ಮಗಳು ಹೇರಾನ್. ಮಗಳು ಹುಟ್ಟಿದ ದಿನದಿಂದ ಪಿಲ್ನಾಮ್ ಎಂಬ ಹೆಸರು ಮೂಲೆ ಸೇರಿತು. ಗಂಡನಿಗೆ, ಅತ್ತೆಗೆ, ತರಕಾರಿಯವಳಿಗೆ, ಎಲ್ಲರಿಗೂ ಅವಳು 'ಹೇರಾನ್ ಅಮ್ಮ'. ಆ ಊರಿನ ಪದ್ಧತಿಯೇ ಹಾಗೆ. ಅವಳಿಗೂ ಅದರಲ್ಲಿ ಬೇಸರವೇನಿರಲಿಲ್ಲ, ಹೆಸರಾದರೂ ಎಂಥ ಚೆಂದದ್ದು?

ಬೇಸರವಿದ್ದದ್ದು ಇನ್ನೊಂದರ ಬಗ್ಗೆ. ಪ್ರತಿ ಮಾರ್ಚಿನಲ್ಲಿ ಶಾಲೆ ಶುರುವಾದ ಕೂಡಲೇ ಮಕ್ಕಳ ಕೈಯಲ್ಲಿ ಒಂದು ಫಾರಂ ಬರುತ್ತಿತ್ತು. ಮನೆ ಸ್ವಂತದ್ದೋ ಬಾಡಿಗೆಯೋ, ಟೀವಿ ಇದೆಯೋ ಇಲ್ಲವೋ, ಅಪ್ಪ ಎಷ್ಟು ಓದಿದ್ದಾರೆ, ಅಮ್ಮ ಎಷ್ಟು ಓದಿದ್ದಾರೆ, ಎಲ್ಲ ಬರೆಯಬೇಕು. ಹೇರಾನ್ ಒಂದನೇ ಕ್ಲಾಸಿಗೆ ಸೇರಿದ ವರ್ಷ ಪಿಲ್ನಾಮ್ ಆ ಫಾರಂ ಹಿಡಿದು ಕುಳಿತಾಗ, ಆಗಷ್ಟೇ ಅಕ್ಷರ ಕಲಿತಿದ್ದ ಮಗಳು ಮೊಣಕೈಗೆ ಅಂಟಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. "ಅ-ಮ್ಮ-ನ ವಿ-ದ್ಯಾ-ಭ್ಯಾ-ಸ." ಓದಿ, ತಲೆಯೆತ್ತಿ ಅಮ್ಮನ ಮುಖ ನೋಡಿದಳು. ಆ ಕಣ್ಣುಗಳ ಎದುರು ಪಿಲ್ನಾಮಳ ಪೆನ್ನು 'ಹೈಸ್ಕೂಲು' ಎಂದು ಬರೆದುಬಿಟ್ಟಿತು. ಒಮ್ಮೆ ಬರೆದ ಮೇಲೆ ಮುಗಿಯಿತು. ಏಳು ವರ್ಷ, ಏಳು ಫಾರಂ, ಅದೇ ಸುಳ್ಳು.

ಎಂಬತ್ತಾರರಲ್ಲಿ ಹೇರಾನ್ ಏಳನೇ ಕ್ಲಾಸಿಗೆ, ಮಿಡ್ಲ್ ಸ್ಕೂಲಿಗೆ ಹೋದಳು. ಮೊದಲ ವಾರವೇ ಇಂಗ್ಲಿಷ್ ಪುಸ್ತಕ ತಂದು ಮುಂದಿಟ್ಟಳು.

"ಅಮ್ಮಾ, ಇದನ್ನ ಹೆಂಗೆ ಓದೋದು?"

"ನನಗೆಲ್ಲಿ ನೆನಪಿದೆ? ಎಷ್ಟು ವರ್ಷ ಆಯ್ತು!"

"ಹೈಸ್ಕೂಲ್ ಓದಿದೀಯಲ್ಲ. ಎ ಬಿ ಸಿ ಡಿನೂ ಮರ್ತುಹೋಗುತ್ತಾ?"

ಕೇಳಿದ್ದು ತಮಾಷೆಗೇ. ಪಿಲ್ನಾಮ್ ಮಾತ್ರ ಪುಸ್ತಕ ಮುಚ್ಚಿ ಮಗಳ ಕೈಗೆ ಕೊಟ್ಟಳು. ಮಗಳಿಗೆ ಬುದ್ಧಿ ಬಲಿಯುತ್ತಿದೆ, ಇನ್ನೊಂದು ವರ್ಷ ಹೋದರೆ ಸಿಕ್ಕಿಬೀಳುವುದು ಖಂಡಿತ. ಅಷ್ಟರೊಳಗೆ ಸುಳ್ಳನ್ನು ಅರ್ಧವಾದರೂ ನಿಜ ಮಾಡಬೇಕು ಎಂದುಕೊಂಡಳು.

ಮಾರುಕಟ್ಟೆಯ ಹಿಂದಿನ ಚರ್ಚಿನ ಮಹಡಿಯಲ್ಲಿ ಗೃಹಿಣಿಯರಿಗೆಂದೇ ಬೆಳಗಿನ ತರಗತಿ ನಡೆಯುತ್ತಿತ್ತು. ಆಗಸ್ಟಿನಲ್ಲಿ ಸರ್ಕಾರಿ ಪರೀಕ್ಷೆಗೆ ಕೂತು ಪಾಸಾದರೆ ಮಿಡ್ಲ್ ಸ್ಕೂಲು ಮುಗಿಸಿದಂತೆಯೇ ಲೆಕ್ಕ. ಮೀನಿನ ವಡೆ ಮಾಡುವ ಕಡೆ ಅರ್ಧ ದಿನದ ಕೆಲಸ ಸಿಕ್ಕಿತೆಂದು ಮನೆಯವರಿಗೆ ಹೇಳಿ ಹೊರಟಳು.

ಮೊದಲ ಮೂರು ದಿನ ಅವಳಿಗೆ ಗೈರುಹಾಜರಿ ಬಿತ್ತು. ಕೂತದ್ದು ಎರಡನೇ ಸಾಲಿನಲ್ಲೇ. ನಾಮ್ ಮೇಷ್ಟ್ರು ಇನ್ನೂ ಕಾಲೇಜು ಓದುತ್ತಿದ್ದ ಹುಡುಗ. ಹಾಜರಿ ಹಾಕುವಾಗ ಮನೆತನದ ಹೆಸರೂ ಸೇರಿಸಿ "ಕ್ವಾಕ್ ಪಿಲ್ನಾಮ್ ಅವರೇ" ಎಂದು ದಿನವೂ ಕೂಗಿದರು, ಇವಳು ದಿನವೂ ಯಾರಪ್ಪಾ ಅದು ಎಂದು ಸುತ್ತ ನೋಡಿದಳು. ನಾಲ್ಕನೆಯ ದಿನ ಅವರು ಹತ್ತಿರವೇ ಬಂದು ಕೇಳಿದರು.

"ತಮ್ಮ ಹೆಸರೇನಮ್ಮಾ?"

"ಹೇರಾನ್ ಅಮ್ಮ."

ಇಡೀ ಕೋಣೆ ಗೊಳ್ಳೆಂದಿತು. ನಕ್ಕವರದ್ದೂ ಅದೇ ಪಾಡಾಗಿತ್ತು, ಮೊದಲ ವಾರ ಯಾರ ಬಾಯಿಂದಲೂ ಸರಿಯಾಗಿ 'ಹಾಜರ್' ಹೊರಟಿರಲಿಲ್ಲವಂತೆ. ಆಮೇಲೆ ಆ ಹೆಂಗಸರಿಗೆ ಅದೊಂದು ಆಟವೇ ಆಯಿತು. ಬಿಡುವಿನಲ್ಲಿ ಗೆಣಸು ಹಂಚಿಕೊಂಡು ತಿನ್ನುತ್ತಾ, ಕೆಲಸವಿಲ್ಲದಿದ್ದರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವರು. "ಪಿಲ್ನಾಮ್! ಏ ಪಿಲ್ನಾಮ್!" "ಏನೇ?" "ಏನಿಲ್ಲ, ಸುಮ್ನೆ ಕರೆದೆ." ಅಷ್ಟಕ್ಕೇ ಹೊಟ್ಟೆ ಹಿಡಿದುಕೊಂಡು ನಗು. ಆ ಕೋಣೆಯ ಸೀಮೆಸುಣ್ಣದ ವಾಸನೆ, ಕೆಳಗಿನ ಅಂಗಡಿಗಳಿಂದ ಏರಿಬರುತ್ತಿದ್ದ ಒಣಮೀನಿನ ವಾಸನೆ, ಆ ಸುಮ್ಮನೆ ಕರೆದ ಹೆಸರು ಇವೆಲ್ಲ ಪಿಲ್ನಾಮಳಿಗೆ ಇವತ್ತಿಗೂ ನೆನಪಿವೆ. ಅಷ್ಟು ಸಂತೋಷದ ದಿನಗಳು ಆಮೇಲೆ ಬರಲೇ ಇಲ್ಲ ಎನ್ನುತ್ತಾಳೆ.

ಮನೆಗೆಲಸವಂತೂ ಯಾರನ್ನೂ ಕಾಯುವುದಿಲ್ಲ. ಐದಕ್ಕೆ ಎದ್ದು ಅನ್ನ, ಸಾರು, ಗಂಡನಿಗೊಂದು ಮಗಳಿಗೊಂದು ಬುತ್ತಿ. ಬಟ್ಟೆ ಒಗೆದು ಹರವಿ, ಅತ್ತೆಯ ಮಂಡಿಗೆ ಕಷಾಯದ ಬಟ್ಟೆ ಕಟ್ಟಿ, ಮೆಟ್ಟಿಲು ಇಳಿದು ಓಡಬೇಕು. ಒಂದು ಗಂಟೆಗೆ ಅದೇ ಮೆಟ್ಟಿಲು ಹತ್ತಿ ಬಂದು ಅತ್ತೆಗೆ ಊಟ ಬಡಿಸಬೇಕು. ಇಂಗ್ಲಿಷ್ ಪದಗಳನ್ನು ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದಳು. ಅಕ್ಕಿ ಅಳೆಯುವಾಗಲೆಲ್ಲ ನಾಲ್ಕು ಪದ. ಗಣಿತಕ್ಕೆ ಮಾತ್ರ ಅಂಥ ಉಪಾಯ ನಡೆಯಲಿಲ್ಲ. ತ್ರಿಕೋನ ಬಂತೆಂದರೆ ತಲೆ ಗಿರ್ರೆನ್ನುತ್ತಿತ್ತು.

ಸುಳ್ಳಿಗೆ ಸಾಕ್ಷಿ ಬೇಕಲ್ಲ, ದಿನಾ ಬರುವಾಗ ಒಂದು ಪೊಟ್ಟಣ ಮೀನಿನ ವಡೆ ಕೊಂಡು ತರುತ್ತಿದ್ದಳು, ಕೆಲಸದ ಕಡೆ ಉಳಿದದ್ದು ಕೊಟ್ಟರೆಂದು. ಸಾರಿಗೆ ವಡೆ, ಪಲ್ಯಕ್ಕೆ ವಡೆ, ಬುತ್ತಿಗೂ ವಡೆ. ಒಂದು ತಿಂಗಳಾಗುವಷ್ಟರಲ್ಲಿ ಗಂಡ ತಟ್ಟೆ ನೋಡಿ ಕೈಮುಗಿದ.

"ಹೇರಾನ್ ಅಮ್ಮಾ, ನಿಮ್ ಸಾಹುಕಾರ್ರಿಗೆ ಹೇಳು, ಉಳಿದದ್ದನ್ನ ಸಮುದ್ರಕ್ಕೇ ವಾಪಸ್ ಹಾಕೋಕೆ."

ಅತ್ತೆ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ, ಹೇಳದೆ ಬಿಡುವವಳೂ ಅಲ್ಲ. ಒಂದು ಮಧ್ಯಾಹ್ನ ಸೊಸೆ ಬಡಿಸಲು ಬಗ್ಗಿದಾಗ ತೋಳು ಹಿಡಿದು ಮೂಸಿದಳು. "ಬೆಳಗ್ಗಿಂದ ಮೀನು ಅರೆದೋಳ ತೋಳು ನೋಡು, ಸೋಪಿನ ವಾಸನೆ ಬರ್ತಿದೆ" ಎಂದು ಊಟಕ್ಕೆ ಕೂತಳು. ಪಿಲ್ನಾಮ್ ಮಾರನೆಯ ದಿನದಿಂದ ಮೆಟ್ಟಿಲ ಬುಡದಲ್ಲಿ ನಿಂತು ಒಂದು ವಡೆಯನ್ನು ತೋಳಿಗೆ ಉಜ್ಜಿಕೊಂಡೇ ಮನೆ ಹತ್ತುತ್ತಿದ್ದಳು.

ಪರೀಕ್ಷೆ ಆಗಸ್ಟಿನ ಒಂದು ಭಾನುವಾರ ಇತ್ತು. ಆ ದಿನವೂ ಕೆಲಸಕ್ಕೆ ಬರಹೇಳಿದ್ದಾರೆಂದು ಹಿಂದಿನ ದಿನವೇ ಹೇಳಿಟ್ಟಿದ್ದಳು. ಬೆಳಗ್ಗೆ ಎದ್ದು ಅಡುಗೆಮನೆಗೆ ಬಂದರೆ ಅಲ್ಲಿ ಹೇರಾನ್. ಮುಖವೆಲ್ಲ ಕೆಂಪು, ಕೂದಲೆಲ್ಲ ಒದ್ದೆ. ಬೋಗುಣಿ, ಬಕೆಟ್ಟು, ಉಪ್ಪಿನಕಾಯಿಯ ದೊಡ್ಡ ತೊಟ್ಟಿ, ಯಾವುದನ್ನು ನೋಡಿದರೂ ಕಪ್ಪು ಹಸಿರಿನ ಸಮುದ್ರಪಾಚಿ ಉಬ್ಬಿ ಅಂಚು ದಾಟಿ ನೆಲಕ್ಕಿಳಿಯುತ್ತಿದೆ.

"ಒಣಗಿದ್ದಾಗ ಇಷ್ಟೇ ಇಷ್ಟಿತ್ತಮ್ಮಾ" ಎಂದು ಹುಡುಗಿ ಅಳುವ ದನಿಯಲ್ಲಿ ಅಂದಳು. "ಒಂದು ಕಟ್ಟು ಪೂರ್ತಿ ನೆನೆಹಾಕ್ಬಿಟ್ಟೆ."

"ಅಯ್ಯೋ ನಿನ್ನ! ಯಾಕೆ ಇದೆಲ್ಲ?"

"ಇವತ್ತು ನಿನ್ನ ಹುಟ್ಟಿದಬ್ಬ ಅಲ್ವಾ? ಅಜ್ಜಿ ಕ್ಯಾಲೆಂಡರಿನಲ್ಲಿ ಚಾಂದ್ರಮಾನದ ತಿಥಿ ನೋಡ್ದೆ."

ಆ ಊರಿನಲ್ಲಿ ಹುಟ್ಟುಹಬ್ಬದ ಬೆಳಗ್ಗೆ ಪಾಚಿ ಸಾರು ಕುಡಿಯಬೇಕು, ಅದಿಲ್ಲದೆ ಹುಟ್ಟುಹಬ್ಬವೇ ಇಲ್ಲ. ಗಂಡನಿಗೆ, ಅತ್ತೆಗೆ, ಮಗಳಿಗೆ ವರ್ಷವರ್ಷವೂ ಕುದಿಸಿದವಳು ಪಿಲ್ನಾಮಳೇ. ಅವಳಿಗೆಂದು ಯಾರೂ ಒಲೆ ಹಚ್ಚಿರಲಿಲ್ಲ. ತವರಿನಲ್ಲಿ ಹೆಣ್ಣುಮಕ್ಕಳ ಹುಟ್ಟಿದ ದಿನವನ್ನು ನೆನಪಿಡುವ ವಾಡಿಕೆಯೇ ಇರಲಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಆದರೆ ಪರೀಕ್ಷೆಗೆ ಹೊರಟವರು ಆ ಸಾರಿನ ಪಾತ್ರೆಯ ಕಡೆಗೂ ನೋಡಬಾರದು. ಪಾಚಿ ಜಾರುತ್ತದೆ, ಕುಡಿದವರೂ ಜಾರುತ್ತಾರೆ. ಅಲ್ಲಿಯವರು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನನ್ನು 'ಪಾಚಿ ಸಾರು ಕುಡಿದ' ಎಂದೇ ಆಡಿಕೊಳ್ಳುವುದು. ಪರೀಕ್ಷೆಯ ದಿನ ಮಕ್ಕಳ ಬಾಯಿಗೆ ತಾಯಂದಿರು ಹಾಕುವುದು ಅಂಟು ಮಿಠಾಯಿ, ಪಾಸಾದವರ ಪಟ್ಟಿಗೆ ಅಂಟಿಕೊಳ್ಳಲಿ ಎಂದು.

ಹೇರಾನ್ ಬಟ್ಟಲು ತುಂಬಿಸಿ ತಂದಿಟ್ಟಳು. ಪಾಚಿಯನ್ನು ಕತ್ತರಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಮೊಳದುದ್ದದ ಎಳೆಗಳು ತೇಲುತ್ತಿದ್ದವು. ಒಳಕೋಣೆಯ ಬಾಗಿಲಲ್ಲಿ ಅತ್ತೆ ಎದ್ದು ಬಂದು ನಿಂತಿದ್ದಳು.

"ಹೊತ್ತಾಯ್ತು ಅಂತಿದ್ಯಲ್ಲ. ಕೆಲಸಕ್ಕೆ ಹೋಗು, ಬಂದು ಕುಡಿದ್ರಾಯ್ತು" ಎಂದಳು ಅತ್ತೆ, ಎಂದೂ ಇಲ್ಲದ ಅವಸರದಲ್ಲಿ.

"ಬಿಸಿ ಇದ್ದಾಗ್ಲೇ ಕುಡೀಬೇಕಜ್ಜಿ!" ಎಂದು ಹೇರಾನ್ ಚಮಚ ಅಮ್ಮನ ಕೈಗಿತ್ತಳು. "ರುಚಿ ಇದ್ಯಾಮ್ಮ?"

ಐದು ತಿಂಗಳ ಓಟ ಪಿಲ್ನಾಮಳ ಕಣ್ಣ ಮುಂದೆ ಬಂತು. ಎದುರಿಗೆ, ಉಸಿರು ಬಿಗಿಹಿಡಿದು ನಿಂತ ಮಗಳ ಮುಖ. ಅವಳು ಚಮಚ ಬಿಟ್ಟು ಬಟ್ಟಲನ್ನೇ ಎತ್ತಿ ಕುಡಿದಳು. ಉಪ್ಪು ಎರಡು ಪಾಲು ಹೆಚ್ಚಾಗಿತ್ತು. ಕೊನೆಯ ಎಳೆಯವರೆಗೂ ತಿಂದು, "ಇನ್ನೊಂಚೂರು ಹಾಕು" ಎಂದಳು.

ಚಪ್ಪಲಿ ಮೆಟ್ಟುವಾಗ ಅತ್ತೆ ಹಿಂದೆಯೇ ಬಂದು ಕೈಯಲ್ಲಿ ಏನನ್ನೋ ತುರುಕಿದಳು. ಕಾಗದದಲ್ಲಿ ಸುತ್ತಿದ ಅಂಟು ಮಿಠಾಯಿ.

"ಅತ್ತೇ..."

"ಮೀನು ಅರೆಯೋಳ ಕಿರುಬೆರಳಿಗೆ ದಿನಾ ಪೆನ್ಸಿಲ್ ಮಸಿ ಹೆಂಗೆ ಬರುತ್ತೇ? ನನಗೆ ಓದೋಕೆ ಬರಲ್ಲ ನಿಜ, ಕಣ್ಣು ಕಾಣಲ್ಲ ಅಂದ್ಕೊಂಡ್ಯಾ? ಭಾನುವಾರವೂ ಹೊರಟೆ ಅಂದ್ರೆ ಪರೀಕ್ಷೆನೇ ಇರ್ಬೇಕು." ಮುದುಕಿ ಪಿಸುಗುಟ್ಟಿದಳು. "ದಾರೀಲಿ ಬಾಯಿಗೆ ಹಾಕ್ಕೊ. ಎರಡು ಬಟ್ಟಲು ಕುಡಿದ್ಯಲ್ಲೇ ಮಾರಾಯ್ತಿ, ಎರಡು!"

ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು. ಉಳಿದ ವಿಷಯಗಳೆಲ್ಲ ಪಾಸು, ಗಣಿತದಲ್ಲಿ ನಾಲ್ಕು ಅಂಕ ಕಡಿಮೆ. ಪಿಲ್ನಾಮ್ ಅಡುಗೆಮನೆಯಲ್ಲಿ ಅತ್ತೆಯ ಕಿವಿಯಲ್ಲಿ ಹೇಳಿದಳು. ಅತ್ತೆಗೆ ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದಾರೆಂಬ ಖಬರೇ ಉಳಿಯಲಿಲ್ಲ.

"ಹಾಳಾದ ಪಾಚಿ! ಹೇರಾನ್, ನಿನ್ನ ಸಾರೇ ಕಣೇ ಅಮ್ಮನ್ನ ಪರೀಕ್ಷೇಲಿ ಜಾರಿಸಿದ್ದು!"

ಅಂದ ಮೇಲೆ ಬಾಯಿ ಮುಚ್ಚಿಕೊಂಡಳು. ಹೇರಾನ್ ಪುಸ್ತಕದಿಂದ ತಲೆಯೆತ್ತಿದಳು.

"ಯಾವ ಪರೀಕ್ಷೆ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಪಿಲ್ನಾಮ್ ಸೌಟು ಕೆಳಗಿಟ್ಟು, ಮಗಳ ಎದುರು ಕುಳಿತು ಎಲ್ಲ ಹೇಳಿದಳು: ಬೂಟಿನ ಕಾರ್ಖಾನೆ, ಏಳು ಫಾರಂ, ಚರ್ಚಿನ ಮಹಡಿ. ಹೇಳುವಾಗ ತಲೆ ತಗ್ಗಿಸಿಯೇ ಇದ್ದಳು. ಮಗಳು ಸುಳ್ಳಿನ ಬಗ್ಗೆ ಕೇಳುತ್ತಾಳೆಂದು ಕಾದರೆ ಅವಳು ಕೇಳಿದ್ದೇ ಬೇರೆ.

"ಗೊತ್ತಿದ್ದೂ ಯಾಕಮ್ಮ ಕುಡಿದೆ?"

"ನನಗೆ ಅಂತ ಯಾರೂ ಮಾಡಿರಲಿಲ್ಲ ಕಣೆ. ಪರೀಕ್ಷೆ ಮತ್ತೆ ಬರುತ್ತೆ."

ಹೇರಾನ್ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ಅಮ್ಮನ ಜೊತೆ ಮಾತಿಲ್ಲ. ಪಿಲ್ನಾಮ್ ಆ ಎರಡು ದಿನ ಒಂದು ತುತ್ತೂ ಸರಿಯಾಗಿ ನುಂಗಲಿಲ್ಲ. ಇಂಥ ಅಮ್ಮನೆಂದು ಮಗಳು ನಾಚಿಕೆಪಟ್ಟುಕೊಂಡಳು, ಇನ್ನು ನನ್ನ ಮುಖ ನೋಡುವುದಿಲ್ಲ ಎಂದೇ ನಂಬಿದ್ದಳು. ಮೂರನೆಯ ದಿನ ಸಂಜೆ ಊಟದ ಗಿಡ್ಡ ಮೇಜು ಒರೆಸುತ್ತಿದ್ದಾಗ ಗಣಿತದ ಪುಸ್ತಕ ಎದುರಿಗೆ ಬಂದು ಬಿತ್ತು.

"ಕೂತ್ಕೊ. ತ್ರಿಕೋನದಿಂದ ಶುರು ಮಾಡೋಣ. ಮೊದ್ಲೇ ಹೇಳಿದೀನಿ, ನಾನು ಸಿಡುಕಿ ಮೇಷ್ಟ್ರು."

ನಿಜವಾಗಿಯೂ ಸಿಡುಕಿಯೇ. ತಪ್ಪಿದರೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದಳು. ಆ ಚಳಿಗಾಲವೆಲ್ಲ ಅಡಿಯಿಂದ ಒಲೆಯ ಶಾಖ ಹಾಯಿಸಿದ ಬಿಸಿ ನೆಲದ ಮೇಲೆ ಒಂದೇ ರಜಾಯಿಯೊಳಗೆ ಕಾಲು ಸೇರಿಸಿಕೊಂಡು ತಾಯಿ ಮಗಳು ಲೆಕ್ಕ ಮಾಡಿದರು. ಅತ್ತೆ ಕಿತ್ತಳೆ ಸುಲಿದು ಇಬ್ಬರ ಬಾಯಿಗೂ ಇಡುತ್ತಿದ್ದಳು. ಮನೆಗೆ ಮೀನಿನ ವಡೆ ಬರುವುದು ನಿಂತುಹೋಯಿತು.

ಮಾರ್ಚ್ ಬಂತು, ಎಂಟನೆಯ ಫಾರಂ ಬಂತು. ಪಿಲ್ನಾಮ್ ಅಭ್ಯಾಸಬಲದಿಂದ ಪೆನ್ನಿಗೆ ಕೈಹಾಕಿದಳು. ಹೇರಾನ್ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು.

"ಈ ಸಲ ನಾನು ಬರೀತೀನಿ."

ಈಗ ಮೊಣಕೈಗೆ ಅಂಟಿಕೊಂಡು ಓದುವ ಸರದಿ ಅಮ್ಮನದು. ಅಮ್ಮನ ಹೆಸರಿನ ಜಾಗದಲ್ಲಿ ಹುಡುಗಿ ದುಂಡಗೆ 'ಕ್ವಾಕ್ ಪಿಲ್ನಾಮ್' ಎಂದು ಬರೆದಳು. ಅಮ್ಮನ ವಿದ್ಯಾಭ್ಯಾಸ ಎಂಬಲ್ಲಿ ಒಂದು ಗಳಿಗೆ ಪೆನ್ನು ಕಚ್ಚಿಕೊಂಡು ಯೋಚಿಸಿದಳು.  ಆಮೇಲೆ ಹುಡುಗಿ ಬರೆದಳು: 'ಮಿಡ್ಲ್ ಸ್ಕೂಲು. ಗಣಿತ ಒಂದು ಬಾಕಿ ಇದೆ.'

"ನಿಮ್ಮ ಟೀಚರ್ ನಗಲ್ವೇನೇ?"

"ನಗ್ಲಿ ಬಿಡು" ಎಂದಳು ಹೇರಾನ್, ಫಾರಂ ಮಡಚಿ ಚೀಲಕ್ಕೆ ಹಾಕುತ್ತಾ. "ನಿಜ ತಾನೆ, ಪಿಲ್ನಾಮ್?"

ಅಮ್ಮನನ್ನು ಹೆಸರು ಹಿಡಿದು ಕರೆದದ್ದಕ್ಕೆ ಒಳಕೋಣೆಯಿಂದ ಅಜ್ಜಿ ಗದರಿದಳು. ಪಿಲ್ನಾಮ್ ಮಾತ್ರ, ಒಂದೇ ಕೂಗಿಗೆ, "ಹಾಜರ್" ಎಂದಳು.