ನೀರಿನ ಬದಲು ಗಾಳಿ

ಸಿಂದಗಿಯ ನನ್ನ ಲೇಥ್ ಅಂಗಡಿಯಲ್ಲಿ ಪಂಪಿನ ಶಾಫ್ಟ್ ಕಡೆಯುತ್ತಿದ್ದ ಹಿರಿಯ ಮೇಸ್ತ್ರಿಯ ಕೈಗಳು ತೊಂಬತ್ತರ ದಶಕದ ಕೊನೆಗೆ ಒಡೆದುಹೋದವು. ಕಬ್ಬಿಣ ಕಾಯದಿರಲೆಂದು ಸುರಿಯುವ ಕೂಲಂಟ್, ಅಂದರೆ ಎಣ್ಣೆ ಬೆರೆಸಿದ ನೀರು, ಅವರ ಚರ್ಮಕ್ಕೆ ಆಗಿಬರಲಿಲ್ಲ. ಅದನ್ನು ಮುಟ್ಟುತ್ತಲೇ ಇದ್ದರೆ ಬೆರಳು ಉಳಿಯುವುದಿಲ್ಲ ಎಂದರು ಡಾಕ್ಟರು.

“ಕಾಕಾ, ಸ್ವಲ್ಪ ದಿನ ಮನ್ಯಾಗ ಇರ್ರಿ” ಎಂದೆ.

“ಮನ್ಯಾಗ ಕುಂತು ನಿನ್ನ ಕಾಕೂ ಜೋಡಿ ಜಗಳಾಡ್ಲೇನು? ನೀರ ಬಿಟ್ಟು ಗಾಳಿ ಹಚ್ಚು, ತಮ್ಮಾ. ಪಂಕ್ಚರ್ ಅಂಗಡ್ಯಾಗ ಇರತೈತಲ್ಲ, ಅಂಥಾದೊಂದು ಕಂಪ್ರೆಸರ್ ತಾ.”

ಚಡಚಣದಲ್ಲಿ ಒಂದು ಹಳೆಯ ಕಂಪ್ರೆಸರ್ ಮಾರಾಟಕ್ಕಿತ್ತು. ನಾನು ಚೌಕಾಶಿಗೆ ಕೂತೆ. ನಮ್ಮ ಗರಜು ತೋರಿಸಬಾರದೆಂದು ಎರಡು ಸಲ ಬರಿಗೈಯಲ್ಲಿ ಎದ್ದುಬಂದೆ. ಮೂರನೆಯ ವಾರ ನಾನು ಹೇಳಿದ ಬೆಲೆಗೇ ಸಿಕ್ಕಿತು. ಅಷ್ಟು ದಿನವೂ ಕಾಕಾ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅದೇ ನೀರಿನಲ್ಲಿ ದುಡಿದರು.

ಸಣ್ಣ ನಳಿಗೆಯಿಂದ, ಕಬ್ಬಿಣ ಕಡೆಯುವ ಟೂಲಿನ ತುದಿಗೆ ಗಾಳಿ ಬಿಟ್ಟೆವು. ವೇಗ ಇಳಿಸಿ ತೆಳ್ಳಗೆ ಕಡೆದರೆ ಶಾಫ್ಟ್ ಚೆನ್ನಾಗಿಯೇ ಬರುತ್ತದೆ. ಅವಸರ ಮಾಡಿದರೆ ಟೂಲು ಸುಡುತ್ತದೆ. ಕೇಳಿದವರಿಗೆ ಈಗಲೂ ಇದನ್ನೇ ಹೇಳುತ್ತೇನೆ.

ಕಾಕಾನ ಗಾಯಗಳು ಮಾಯ್ದವು. ಆ ಮೂರು ವಾರದಲ್ಲಿ ಕೀವು ತುಂಬಿದ್ದ ಬಲಗೈ ತೋರುಬೆರಳನ್ನು ಮಾತ್ರ ಅವರಿಗೆ ಮತ್ತೆ ಮಡಚಲಾಗಲಿಲ್ಲ. ಮೊದಲ ದಿನವೇ ನಾನು ಮಾರುವವರು ಕೇಳಿದ ಬೆಲೆ ಕೊಟ್ಟು ಕಂಪ್ರೆಸರ್ ತಂದುಬಿಡಬೇಕಿತ್ತು.