ಮೋಟರಿಗೆ ಹಚ್ಚಿದ ವಿಭೂತಿ

ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಉರಿಸಿದ ಹೊಗೆ ಎಲ್ಲಿಂದಾದರೂ ಮೂಗಿಗೆ ಬಡಿದರೆ, ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ. ನಾರಾಯಣಖೇಡದ ಕಡೆ, ಮಂಜೀರೆಯ ಹಿನ್ನೀರಿಗೆ ಹತ್ತಿರವಿದ್ದ ನಮ್ಮ ಮನೆಯ ಅಂಗಳಕ್ಕೆಲ್ಲ ಆ ವಾಸನೆ ಹತ್ತಿತ್ತು. ನಿಜಾಮರ ರಾಜ್ಯ ಇನ್ನೂ ಇದ್ದ ಕಾಲ. ಊರ ಜಾಗೀರದಾರರು ಬಾತುಕೋಳಿ ಬೇಟೆಗೆಂದು ಒಂದು ದೋಣಿ ಇಟ್ಟಿದ್ದರು. ಅದರ ಹಿಂಬದಿಗೆ ಸಿಕ್ಕಿಸುವ ಹಳೆಯ ಮೋಟರನ್ನು ನೋಡಿಕೊಳ್ಳುವ ಕೆಲಸ ಅಪ್ಪನದು. ತಾಂಡೂರಿನ ಎಣ್ಣೆ ಗಿರಣಿಯಲ್ಲಿ ಇಂಜಿನ್ ಕೆಲಸ ಕಲಿತು ಬಂದಿದ್ದ ಅವನು ಮೋಟರನ್ನು ಮನೆಗೇ ಹೊತ್ತು ತಂದು, ಎಮ್ಮೆ ನೀರು ಕುಡಿಯುವ ಕಲ್ಲು ಬಾನಿಯ ಅಂಚಿಗೆ ಬಿಗಿದು ಶುರು ಮಾಡುತ್ತಿದ್ದ. ಕಾರ್ಬುರೇಟರಿನ ತಿರುಪನ್ನು ಪೂರ್ತಿ ಬಿಗಿದು, ಒಂದೂವರೆ ಸುತ್ತು ಸಡಿಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಮೋಟರು ಕೆಮ್ಮಿದರೆ ಪೆಟ್ರೋಲು ಸಾಲದು, ಕಪ್ಪು ಹೊಗೆ ಬಿಟ್ಟು ಮುಗ್ಗರಿಸಿದರೆ ಹೆಚ್ಚಾಯಿತು. ಆಮೇಲೆ ಕಿಡಿ ಹಾರುವ ಹೊತ್ತನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದ. ಅದಕ್ಕೆ ಅವನು ಟೈಮಿಂಗ್ ಅನ್ನುತ್ತಿದ್ದ. ನಿಮ್ಮಪ್ಪನಿಗೆ ಹೆಣ್ಣುಮಕ್ಕಳು ಇಬ್ಬರಲ್ಲ, ಮೂವರು ಎಂದು ಅವ್ವ ನಮ್ಮನ್ನು ಛೇಡಿಸುತ್ತಿದ್ದಳು. ಸುಳ್ಳೇನಲ್ಲ, ನನ್ನ ಅಳುವಿಗಿಂತ ಆ ಮೋಟರಿನ ಕೆಮ್ಮು ಅವನಿಗೆ ಬೇಗ ಕೇಳಿಸುತ್ತಿತ್ತು.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಹಾನವಮಿಯ ದಿನ ಕುಡುಗೋಲು, ಸುತ್ತಿಗೆ, ನಟ್ಟು ಬಿಗಿಯುವ ಪಾನಾ ಎಲ್ಲಕ್ಕೂ ವಿಭೂತಿ ಹಚ್ಚುವುದು ನನ್ನ ಪಾಲಿನ ಕೆಲಸ. ಅಪ್ಪ ಕಾರ್ಬುರೇಟರ್ ಬಿಚ್ಚಿ ತೊಳೆದು, ಪೆಟ್ರೋಲು ನಿಲ್ಲುವ ಅದರ ಪುಟ್ಟ ಬಟ್ಟಲನ್ನು ಬಿಳಿ ಬಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದ. ಮೋಟರಿನ ತಲೆಗೆ ಮೂರು ಗೆರೆ ಎಳೆದ ನನಗೆ, ಪಾಪ, ಹೊಟ್ಟೆಗೂ ಸ್ವಲ್ಪ ಇರಲಿ ಅನ್ನಿಸಿತು. ಒಂದು ಚಿಟಿಕೆ ಪುಡಿ ಮಾಡಿ ಬಟ್ಟಲೊಳಗೆ ಉದುರಿಸಿ ಕೈ ಮುಗಿದೆ. ಅಷ್ಟರಲ್ಲೇ ಒಳಗೆ ಅಕ್ಕನ ಬೇನೆ ಬಿಗಡಾಯಿಸಿತು. ಸೂಲಗಿತ್ತಿ ಹೊರಬಂದು, "ಇದು ನನ್ನ ಕೈಲಿ ಆಗಂಗಿಲ್ರಿ. ಆಚಿ ದಂಡಿ ದವಾಖಾನಿಗೆ ಒಯ್ರಿ," ಅಂದಳು. ಅಪ್ಪ ಒದ್ದೆ ಮೈಯಲ್ಲೇ ಓಡಿ ಬಂದು, ಬಟ್ಟಲೊಳಗೆ ನೋಡದೆ ಎಲ್ಲವನ್ನೂ ಜೋಡಿಸಿದ.

ದೋಣಿಯಲ್ಲಿ ಅಕ್ಕನ ತಲೆ ಅವ್ವನ ತೊಡೆಯ ಮೇಲಿತ್ತು. ಅವ್ವನ ಸೆರಗು ನನ್ನ ಮುಷ್ಟಿಯಲ್ಲಿತ್ತು. ಮೋಟರು ನಡುನೀರಿನವರೆಗೆ ಚೆನ್ನಾಗಿಯೇ ಓಡಿ, ಎರಡು ಸಲ ಕೆಮ್ಮಿ ನಿಂತಿತು. ಶುರು ಮಾಡುವ ಹಗ್ಗ ಎಳೆದು ಎಳೆದು ಅಪ್ಪನ ಅಂಗೈ ಕಿತ್ತು ಹೋಯಿತು. ಕೊನೆಗೆ ಹುಟ್ಟು ಹಾಕಿಕೊಂಡೇ ದಡ ಸೇರಿದೆವು. ಅಕ್ಕ ಉಳಿದಳು, ಕೂಸು ಉಳಿಯಲಿಲ್ಲ. ತುಸು ಮೊದಲು ಬಂದಿದ್ದರೆ ಎಂದು ಅಲ್ಲಿನ ಡಾಕ್ಟರರು ಅಂದದ್ದು ಎಲ್ಲರಿಗೂ ಕೇಳಿಸಿತು.

ಮನೆಗೆ ಬಂದ ಮೇಲೆ ಅಪ್ಪ ಕಾರ್ಬುರೇಟರ್ ಬಿಚ್ಚಿ ಬಟ್ಟಲನ್ನು ಅಂಗೈಗೆ ಬೋರಲು ಹಾಕಿದ. ಪೆಟ್ರೋಲು ಹಾಯುವ ತೂತಿಗೆ ಕಟ್ಟಿಕೊಂಡಿದ್ದ ಬೂದು ಕೆಸರು ಇಳಿಯಿತು. ಅದನ್ನು ಮೂಸಿ ನೋಡಿ, ನನ್ನ ಕಡೆ ನೋಡಿದ. "ನೀ ಸಣ್ಣಾಕಿ ಇದ್ದಿ. ಈ ಮಾತು ಯಾರ ಮುಂದೂ ಆಡಬ್ಯಾಡ," ಎಂದು ಬಾನಿಯ ನೀರಿನಲ್ಲಿ ಕೈ ತೊಳೆದುಕೊಂಡ. ಮೋಟರು ಯಾಕೆ ನಿಂತಿತೆಂದು ಅಕ್ಕ ಕೇಳಿದಾಗ, "ಟೈಮಿಂಗ್ ನಾನೇ ತಪ್ಪು ಇಟ್ಟಿದ್ದೆ, ತಾಯಿ," ಅಂದ. ಅವಳು ಗಂಡನ ಜೊತೆ ಜಹೀರಾಬಾದಿಗೆ ಹೊರಟುಹೋದಳು; ಆಮೇಲೆ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಜಾಗೀರದಾರರು ಮೋಟರನ್ನು ತರಿಸಿಕೊಂಡರು. ಅಪ್ಪ ಮತ್ತೆ ಯಾವ ಇಂಜಿನ್ನೂ ಮುಟ್ಟಲಿಲ್ಲ. ಆದರೆ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ನನ್ನನ್ನು ಕರೆದು, ಮೊದಲಿನಂತೆಯೇ ಮೂರು ಬೆರಳಿನಿಂದ ಹಣೆಗೆ ವಿಭೂತಿ ಹಚ್ಚುತ್ತಿದ್ದ. ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು ಎಂದು ನಾನು ಎಷ್ಟೋ ಸಲ ಬಯಸಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ಅಪ್ಪ ತೀರಿಕೊಂಡ. ಅವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಅಕ್ಕ ಬಂದಳು. ನಾನು ಹಿಡಿದಿದ್ದ ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಅವನ ಹಣೆಗೆ ಹಚ್ಚಿ, ಬಹಳ ಹೊತ್ತು ಕೈ ಅಲ್ಲೇ ಇಟ್ಟಳು. "ಹೋಗ್ಲಿ ಬಿಡಪ್ಪ. ನಿನ್ನ ತಪ್ಪು ನಾ ಮರ್ತೀನಿ," ಅಂದಳು. ನಾನು ಬಾಯಿ ತೆರೆದೆ. ಅವಳು ತಿರುಗಿ, ಉಳಿದ ವಿಭೂತಿಯನ್ನು ನನ್ನ ಹಣೆಗೆ ಹಚ್ಚಿದಳು.