ಅಕ್ಕ ಊರಿಗೆ ಕಳಿಸಿದ ಎಣ್ಣೆ

ಹೋದ ವಾರ ನಮ್ಮ ಲಿಫ್ಟ್ ಒರೆಸಿದವರು ನಿಂಬೆಹುಲ್ಲಿನ ವಾಸನೆಯ ಅದೇನನ್ನೋ ಸುರಿದು ಹೋಗಿದ್ದರು. ಮೂಗಿಗೆ ಬಡಿದದ್ದೇ ತಡ, ಹಿಂದೆ ಮೇಲಿನ ಫ್ಲ್ಯಾಟಿನಲ್ಲಿದ್ದ ಅಕ್ಕ ನೆನಪಾದರು.

ಎರಡು ಸಾವಿರದ ಐದನೇ ಇಸವಿಯ ಆಸುಪಾಸು ಇರಬೇಕು. ಈ ಪರದೇಶಕ್ಕೆ ಬಂದು ನಾವು ನೆಲೆಸಿದ್ದ ಟೂಟಿಂಗ್‌ನಲ್ಲಿ ನಮ್ಮ ತಲೆಯ ಮೇಲಿನ ಮನೆಯೇ ಅವರದು. ಬಿಜಾಪುರದ ಕಡೆಯವರು. ಲವಂಗ, ಓಮ, ನಿಂಬೆಹುಲ್ಲು ಇಂಥವುಗಳಿಂದ ತೆಗೆದ ಎಣ್ಣೆ ರೋಗದ ಹುಳುಗಳನ್ನು ಕೊಲ್ಲುತ್ತದೆಯೇ ಎಂದು ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಿದ್ದರು. ಸಂಜೆ ಅವರು ಮನೆಗೆ ಬಂದರೆ ಮೆಟ್ಟಿಲೆಲ್ಲ ಘಮಘಮ.

"ಹುಳ ಸಾಯುತ್ತೆ ಅಂತೀರಿ. ಹಾಗಾದ್ರೆ ಔಷಧಿ ಸಿಕ್ಕ ಹಾಗೇ ಅಲ್ವಾ ಅಕ್ಕ?" ಎಂದೊಮ್ಮೆ ಕೇಳಿದ್ದೆ.

"ಗಾಜಿನ ತಟ್ಟ್ಯಾಗ ಸಾಯ್ತದ, ತಂಗಿ. ಮನಷ್ಯಾನ ಮೈಯಾಗ ಸಾಯ್ತದೋ ಇಲ್ಲೋ ಯಾರಿಗೆ ಗೊತ್ತು?"

ನನಗೆ ಆಗಲೂ ತಲೆಬುಡ ಅರ್ಥವಾಗಲಿಲ್ಲ. ಸತ್ತರೆ ಸತ್ತಂತಲ್ಲವೇ!

ಊರಿನಲ್ಲಿ ಅವರ ಅವ್ವನಿಗೆ ಆನೆಕಾಲು ರೋಗ. ಕಾಲು ಊದಿ, ಬೆರಳಸಂದಿಯಲ್ಲಿ ಹುಣ್ಣಾಗಿ, ಮೇಲಿಂದ ಮೇಲೆ ಜ್ವರ. ಪ್ರತಿ ಭಾನುವಾರ ಫೋನಿನಲ್ಲಿ ಅವ್ವನದು ಒಂದೇ ರಾಗ, "ನಿನ್ನ ಎಣ್ಣಿ ಯಾವಾಗ ಕಳಸ್ತಿ?" ಸೋಪು ಹಚ್ಚಿ ಕಾಲು ತೊಳೆದು ಒಣಗಿಸಿಕೋ, ಅರ್ಧ ಕಷ್ಟ ಅದರಲ್ಲೇ ಹೋಗುತ್ತದೆ ಎಂದು ಅಕ್ಕ ಎಷ್ಟು ಬಾಯಿ ಬಡಿದುಕೊಂಡರೂ ಕೇಳುತ್ತಿರಲಿಲ್ಲ. ಸೋಪು ಎಲ್ಲಾದರೂ ಔಷಧಿಯೇ?

ಕೊನೆಗೆ ಅಕ್ಕ ಮಾಡಿದ್ದೇನು ಗೊತ್ತೇ? ನನ್ನ ಅಡುಗೆಮನೆಯಲ್ಲೇ ಕೂತು, ಅಂಗಡಿಯ ಕೊಬ್ಬರಿ ಎಣ್ಣೆಗೆ ಬರೀ ವಾಸನೆಗೆಂದು ನಿಂಬೆಹುಲ್ಲಿನ ಎಣ್ಣೆ ಒಂದೆರಡು ಹನಿ ಬೆರೆಸಿದರು. ಊರಿಗೆ ಹೊರಟವರ ಕೈಯಲ್ಲಿ ಕಳಿಸಿದರು. ಜೊತೆಗೊಂದು ಪಥ್ಯ: ಎರಡು ಹೊತ್ತು ಸೋಪಿನಿಂದ ತೊಳೆದು, ಬೆರಳಸಂದಿ ಒಣಗಿಸಿ, ಆಮೇಲೆಯೇ ಎಣ್ಣೆ. "ನಮ್ಮವ್ವ ಬುದ್ಧಿಮಾತು ಕೇಳಂಗಿಲ್ಲ. ಪಥ್ಯ ಅಂದ್ರ ಜೀವ ಹೋದ್ರೂ ತಪ್ಪಂಗಿಲ್ಲ," ಎಂದು ನಕ್ಕರು.

ಹುಣ್ಣು ಮಾಯಿತು. ಜ್ವರ ಅಪರೂಪವಾಯಿತು. ಅಕ್ಕ ನಮಗೆಲ್ಲ ಹೋಳಿಗೆ ಮಾಡಿ ಬಡಿಸಿದರು.

ಆದರೆ ಒಂದು ಭಾನುವಾರ ಅವರು ಕೆಳಗಿಳಿದು ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಆನೆಕಾಲು ಹರಡದಿರಲೆಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಕೊಟ್ಟ ಮಾತ್ರೆಯನ್ನು ಅವ್ವ ಎಸೆದಿದ್ದರು. ಮಗಳ ಎಣ್ಣೆ ಇರುವಾಗ ಗುಳಿಗೆ ಯಾಕೆಂದು ಓಣಿಯವರಿಂದಲೂ ಎಸೆಸಿದ್ದರು.

"ಆ ಗುಳಿಗಿ ಬಿಟ್ರ ಓಣ್ಯಾಗ ಇನ್ನೊಬ್ಬರಿಗೆ ಬರ್ತದ. ಎಣ್ಣ್ಯಾಗ ಏನೂ ಇಲ್ಲಂತ ಖರೇ ಹೇಳಿದ್ರ ಅವ್ವ ಕಾಲು ತೊಳಿಯೂದೂ ಬಿಡ್ತಾಳ. ನಾ ಏನ್ ಮಾಡ್ಲಿ, ತಂಗಿ?"

ನಾನು ಚಹಾಕ್ಕೆ ನೀರಿಟ್ಟೆ.

ಅಕ್ಕ ನಮ್ಮ ಫೋನಿನಿಂದಲೇ ಊರಿಗೆ ಕರೆ ಮಾಡಿದರು. "ಅವ್ವಾ, ಅದು ಬರೇ ಕೊಬ್ಬರಿ ಎಣ್ಣಿ," ಎಂದರು. ಆ ಕಡೆಯಿಂದ ಅವ್ವ ನಕ್ಕದ್ದು ನನಗೂ ಕೇಳಿಸಿತು. ದೃಷ್ಟಿಯಾಗುತ್ತದೆಂದು ಮಗಳು ಮುಚ್ಚಿಡುತ್ತಿದ್ದಾಳೆ, ತನಗೆ ಅಷ್ಟೂ ತಿಳಿಯದೇ ಎಂದರಂತೆ. ಅಕ್ಕ ಆಮೇಲೆ ಮೆಲ್ಲಗೆ, "ಆತು. ಆದ್ರ ಗುಳಿಗಿ ನುಂಗಿದವರಿಗಷ್ಟೇ ನನ್ನ ಎಣ್ಣಿ ಲಾಗೂ ಆಗ್ತದ, ಓಣ್ಯಾಗ ಎಲ್ಲಾರಿಗೂ ಹೇಳು," ಎಂದರು.

ಇಲಾಖೆಯವರು ಮತ್ತೆ ಮಾತ್ರೆ ತಂದಾಗ ಓಣಿಗೆ ಓಣಿಯೇ ನುಂಗಿತು. ಆ ಸುದ್ದಿ ಕೇಳಿ ಫೋನ್ ಇಟ್ಟು ಅಕ್ಕ ಅತ್ತರೋ ನಕ್ಕರೋ... ಸೆರಗು ಮುಖಕ್ಕಿತ್ತು, ಕಾಣಲಿಲ್ಲ. ಅವ್ವ ಇರುವವರೆಗೂ ಎಣ್ಣೆ ಕಳಿಸುತ್ತಲೇ ಇದ್ದರು.

ಆಮೇಲೆ ಅವರು ನಗರದ ಇನ್ನೊಂದು ತುದಿಯ ಕಿಂಗ್ಸ್‌ಬರಿಗೆ ಹೋದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮೊನ್ನೆ ಅವರ ಮಗಳು ಫೋನ್ ಮಾಡಿದ್ದಳು. ಊರಿಗೆ ಹೋದಾಗ ಜನ ಕೈ ಹಿಡಿದುಕೊಂಡು ಅಮ್ಮನ ಎಣ್ಣೆ ಕೇಳಿದರಂತೆ. "ಡಿಡ್ ಇಟ್ ರಿಯಲಿ ವರ್ಕ್, ಆಂಟಿ?"

"ಹೂಂ ಪುಟ್ಟಿ," ಎಂದುಬಿಟ್ಟೆ. ನಿಜ ಹೇಳಿದೆನೋ, ಸುಳ್ಳು ಹೇಳಿದೆನೋ... ಅಕ್ಕನನ್ನು ಕೇಳೋಣವೆಂದರೆ ಅಕ್ಕ ಇಲ್ಲ.